ಹಸಿರು ವಿದ್ಯುತ್ತಿನ ಪ್ರಮಾಣಪತ್ರ: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗೂ, ಅಂಬರನಾಥದ ರಾಸಾಯನಿಕ ಘಟಕಕ್ಕೂ, ಪೊವಾಯಿಯ ಕಂಪನಿಯೊಂದರ ಕ್ಯಾಂಟೀನ್ ಗುತ್ತಿಗೆ ಹಿಡಿದಿರುವ ನಮ್ಮ ಉಡುಪಿ ಹೋಟೆಲಿನವರಿಗೂ ಈಚೆಗೆ ಗಿರಾಕಿಗಳಿಂದ ಒಂದೇ ಬಗೆಯ ಪತ್ರ ಬರುತ್ತಿದೆ. ನೀವು ಬಳಸುವ ವಿದ್ಯುತ್ತಿನಲ್ಲಿ ಸೂರ್ಯ, ಗಾಳಿ, ನೀರು ಮುಂತಾದ ನವೀಕರಿಸಬಹುದಾದ ಮೂಲದ್ದು ಎಷ್ಟು ಪಾಲು, ಅದಕ್ಕೆ ಪುರಾವೆ ಏನು ಎಂಬುದು ಆ ಪತ್ರದ ಪ್ರಶ್ನೆ. ಮುಂಬೈ ಮತ್ತು ಪುಣೆಯ ಸಣ್ಣ ಉದ್ಯಮಗಳ ವಿದ್ಯುತ್ ಲೆಕ್ಕ ನೋಡಿಕೊಡುವ ಕೆಲಸ ನನ್ನದಾದ್ದರಿಂದ, ಮಾಹಿಮ್, ಮಾಟುಂಗ ಕಡೆ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಈ ಪತ್ರದ ವಿಷಯ ಎತ್ತುತ್ತಾರೆ. ಪಂಕ್ತಿಯಲ್ಲಿ ಕುಳಿತು ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ವ್ಯವಹಾರದಲ್ಲಿ ಕಾಗದವೇ ಏಕೆ ಬೇಕು ಎಂಬುದು. ಮುಂಬೈಗೆ ನೀರಿನಿಂದ ಹುಟ್ಟಿದ ವಿದ್ಯುತ್ತು ಹೊಸದೇನಲ್ಲ. 1915ರಲ್ಲಿಯೇ ಖೋಪೋಲಿಯ ಜಲವಿದ್ಯುತ್ ಕೇಂದ್ರದಿಂದ ಇಲ್ಲಿಯ ಬಟ್ಟೆ ಗಿರಣಿಗಳಿಗೆ ವಿದ್ಯುತ್ ಬಂದಿತ್ತು. ಆದರೆ ಇಂದು ಖೋಪೋಲಿಯ ನೀರು, ಟ್ರಾಂಬೆ ಮತ್ತು ಡಹಾಣುವಿನ ಕಲ್ಲಿದ್ದಲು, ಸಾತಾರದ ಬೆಟ್ಟಗಳ ಗಾಳಿಯಂತ್ರ, ರಾಜಸ್ಥಾನದ ಬಿಸಿಲು ಎಲ್ಲವೂ ಒಂದೇ ಜಾಲಕ್ಕೆ ಸೇರಿ ಬೆರೆತುಹೋಗುತ್ತವೆ, ಮತ್ತು ನಮ್ಮ ಮೀಟರಿಗೆ ತಲುಪುವ ಯೂನಿಟ್ಟು ಯಾವುದರದು ಎಂದು ಬೇರ್ಪಡಿಸಿ ಹೇಳುವ ಉಪಕರಣ ಇಲ್ಲ. ಅದಕ್ಕಾಗಿಯೇ ವಿದ್ಯುತ್ತನ್ನು ಒಂದು ಸರಕಾಗಿಯೂ, ಅದು ಎಲ್ಲಿ ಹೇಗೆ ಹುಟ್ಟಿತು ಎಂಬ ಗುಣವನ್ನು ಇನ್ನೊಂದು ಸರಕಾಗಿಯೂ ಬೇರೆ ಮಾಡಿ, ಆ ಗುಣಕ್ಕೊಂದು ಸಂಖ್ಯೆ ಕೊಟ್ಟು, ದಾಖಲೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬಂತು. ಮೀಟರಿನಲ್ಲಿ ಅಳೆದು ಜಾಲಕ್ಕೆ ಸೇರಿದ ಪ್ರತಿ 1,000 ಯೂನಿಟ್ಟಿಗೆ, ಅಂದರೆ ಒಂದು ಮೆಗಾವ್ಯಾಟ್ ಅವರ್‌ಗೆ, ಒಂದು ಪ್ರಮಾಣಪತ್ರ ಎಂಬುದು ಮೂಲ ಲೆಕ್ಕ. ಯುರೋಪಿನಲ್ಲಿ ಇದನ್ನು ಮೂಲದ ಖಾತರಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಅದು ರಿನ್ಯೂವಬಲ್ ಎನರ್ಜಿ ಸರ್ಟಿಫಿಕೇಟ್, ಚಿಕ್ಕದಾಗಿ ಆರ್‌ಇಸಿ.

ಹಳೆಯ ಮುಂಬೈಕರರಿಗೆ ಲೋಕಲ್ ರೈಲಿನ ಕೂಪನ್ ಪುಸ್ತಕ ನೆನಪಿರಬಹುದು. ಪುಸ್ತಕ ಕೊಂಡು ಜೇಬಿನಲ್ಲಿಟ್ಟುಕೊಂಡರೆ ಅದು ಟಿಕೆಟ್ ಆಗುತ್ತಿರಲಿಲ್ಲ; ಸ್ಟೇಷನ್ನಿನ ಯಂತ್ರಕ್ಕೆ ಕೂಪನ್ ತೂರಿಸಿ ಊರು, ದಿನಾಂಕ, ಹೊತ್ತು ಅಚ್ಚಾದ ಮೇಲೆಯೇ ಅದು ಆ ಒಂದು ಪ್ರಯಾಣಕ್ಕೆ ಸಲ್ಲುತ್ತಿತ್ತು, ಆಮೇಲೆ ಮತ್ತೊಮ್ಮೆ ಸಲ್ಲುತ್ತಿರಲಿಲ್ಲ. ಹಸಿರು ವಿದ್ಯುತ್ತಿನ ಪ್ರಮಾಣಪತ್ರವೂ ಹಾಗೆಯೇ. ಅದನ್ನು ಕೊಂಡರೆ ಸಾಲದು, ದಾಖಲೆ ಪುಸ್ತಕದಲ್ಲಿ ಅದು ನಿಮ್ಮ ಹೆಸರಿಗೆ, ನಿಮ್ಮ ಬಳಕೆಗೆ ತೀರಿಹೋಗಬೇಕು. ಈ ತೀರಿಸುವಿಕೆಗೆ ವ್ಯವಹಾರದವರು ರಿಡೀಮ್ ಎಂತಲೋ ರಿಟೈರ್ ಎಂತಲೋ ಹೇಳುತ್ತಾರೆ. ಮುಂದೆ ನಾನು ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಹಂತದ ಸುತ್ತಲೇ ಇವೆ, ಏಕೆಂದರೆ ನಾನು ಕಂಡ ಎಡವಟ್ಟುಗಳೆಲ್ಲ ಆದದ್ದೂ ಅಲ್ಲಿಯೇ.

ಕೇಳಿದವರು ಏನನ್ನು ಕೇಳುತ್ತಿದ್ದಾರೆ

ಪ್ರಮಾಣಪತ್ರ ಹುಡುಕಿಕೊಂಡು ಹೊರಡುವ ಮುನ್ನ ನಿಮಗೆ ಬಂದ ಪತ್ರವನ್ನು ಎರಡು ಸಲ ಓದಿ. ಕಾನೂನು ವಿಧಿಸಿರುವ ಹೊಣೆಗೆ ಬೇಕಾದ ಪುರಾವೆ ಒಂದು ಬಗೆ, ಗಿರಾಕಿಯ ವರದಿಗೆ ಬೇಕಾದದ್ದು ಇನ್ನೊಂದು ಬಗೆ, ಯುರೋಪಿನ ಗಡಿ ಸುಂಕದ ಲೆಕ್ಕಕ್ಕೆ ಬೇಕಾದದ್ದು ಮತ್ತೊಂದು. ಒಂದಕ್ಕೆ ಕೊಂಡದ್ದು ಇನ್ನೊಂದಕ್ಕೆ ಸಲ್ಲದೆ ಹೋದರೆ ಹಣ ನೀರಿಗೆ ಬಿದ್ದಂತೆ.

ವಿದ್ಯುತ್ ವಿತರಣಾ ಕಂಪನಿಗಳು, ಸ್ವಂತ ಉಷ್ಣ ವಿದ್ಯುತ್ ಘಟಕ ಇಟ್ಟುಕೊಂಡವರು ಮತ್ತು ಮುಕ್ತ ಪ್ರವೇಶದ ಮೂಲಕ ಹೊರಗಿನಿಂದ ವಿದ್ಯುತ್ ತರಿಸಿಕೊಳ್ಳುವವರು ತಮ್ಮ ಬಳಕೆಯ ಇಂತಿಷ್ಟು ಪಾಲನ್ನು ನವೀಕರಿಸಬಹುದಾದ ಮೂಲದಿಂದ ಪಡೆಯಲೇಬೇಕು ಎಂಬ ಹೊಣೆ ನಮ್ಮ ದೇಶದಲ್ಲಿ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 86ನೆಯ ಕಲಮಿನಿಂದ ಮೊದಲಾದ ಈ ಹೊಣೆ, ಇಂಧನ ಸಂರಕ್ಷಣಾ ಕಾಯ್ದೆಯಡಿ 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ 2024-25ಕ್ಕೆ ಶೇ 29.91ರಿಂದ ಆರಂಭವಾಗಿ 2029-30ಕ್ಕೆ ಶೇ 43.33ಕ್ಕೆ ಏರುತ್ತದೆ. ವಿತರಣಾ ಕಂಪನಿಯಿಂದ ಮಾಮೂಲಿ ಸಂಪರ್ಕ ಪಡೆದು ತಿಂಗಳ ಬಿಲ್ಲು ಕಟ್ಟುವ ಹೋಟೆಲು, ಅಂಗಡಿ, ಸಣ್ಣ ಕಾರ್ಖಾನೆಗೆ ಈ ಹೊಣೆ ನೇರವಾಗಿ ಬರುವುದಿಲ್ಲ. ಬೀಳದ ದಂಡದ ಹೆದರಿಕೆ ತೋರಿಸಿ ಪ್ರಮಾಣಪತ್ರ ಮಾರಲು ಯಾರಾದರೂ ಬಂದರೆ, ಯಾವ ನಿಯಮದ ಯಾವ ಕಲಮು ಎಂದು ಬರೆದುಕೊಡಲು ಕೇಳಿ. ಬಂದವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ಗಿರಾಕಿಯ ವರದಿಯ ಕಥೆ ಬೇರೆ. ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಕಚೇರಿಯಿರುವ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಷೇರುಪೇಟೆ ಕಂಪನಿಗಳು 2022-23ರಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ವಿಧಿಸಿತು. ಅದರಲ್ಲಿ ಬಳಸಿದ ಶಕ್ತಿಯನ್ನು ನವೀಕರಿಸಬಹುದಾದ ಮೂಲ, ಇತರ ಮೂಲ ಎಂದು ವಿಂಗಡಿಸಿ ತೋರಿಸಬೇಕು. ದೊಡ್ಡ ಕಂಪನಿ ತನ್ನ ಮಾಹಿತಿ ಕೊಡುವಾಗ ತನಗೆ ಸಾಮಗ್ರಿ ಒದಗಿಸುವವರನ್ನೂ ಕೇಳುತ್ತದೆ, ಹಾಗಾಗಿ ಪತ್ರ ನಿಮ್ಮ ಮನೆಬಾಗಿಲಿಗೆ ಬರುತ್ತದೆ. ಹೊರದೇಶದ ಗಿರಾಕಿಗಳು ಹೆಚ್ಚಾಗಿ ಅನುಸರಿಸುವುದು ಹಸಿರುಮನೆ ಅನಿಲ ಲೆಕ್ಕದ ಜಿಎಚ್‌ಜಿ ಪ್ರೊಟೊಕಾಲಿನ 2015ರ ಮಾರ್ಗಸೂಚಿಯನ್ನು. ಅದರ ಪ್ರಕಾರ ಕೊಂಡ ವಿದ್ಯುತ್ತಿನ ಲೆಕ್ಕವನ್ನು ಎರಡು ಬಗೆಯಲ್ಲಿ ಬರೆಯಬೇಕು. ನೀವಿರುವ ಜಾಲದ ಸರಾಸರಿ ಹಿಡಿದು ಬರೆಯುವ ಮೊದಲನೆಯ ಲೆಕ್ಕದಲ್ಲಿ ಪ್ರಮಾಣಪತ್ರದಿಂದ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ನೀವು ಮಾಡಿಕೊಂಡ ಒಪ್ಪಂದ ಮತ್ತು ಕೊಂಡ ಪ್ರಮಾಣಪತ್ರ ಹಿಡಿದು ಬರೆಯುವ ಎರಡನೆಯದರಲ್ಲಿ ಮಾತ್ರ ಆಗುತ್ತದೆ. ನಮ್ಮ ದೇಶದ ಜಾಲದಲ್ಲಿ 1,000 ಯೂನಿಟ್ಟಿಗೆ ಸುಮಾರು 0.7 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಆ ವ್ಯತ್ಯಾಸ ಚಿಕ್ಕದಲ್ಲ.

ಮೂರನೆಯದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪುಣೆಯ ಎರಕದ ಕಾರ್ಖಾನೆಗಳವರು ಇದರಲ್ಲಿಯೇ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ ಮುಂತಾದವು ಯುರೋಪ್ ಒಕ್ಕೂಟದೊಳಕ್ಕೆ ಹೋಗುವಾಗ ಅವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕ ಕೊಡುವ ಸಿಬ್ಯಾಮ್ ಎಂಬ ಪದ್ಧತಿ 2023ರ ಅಕ್ಟೋಬರ್ 1ರಿಂದ ವರದಿಯ ರೂಪದಲ್ಲಿ ಆರಂಭವಾಯಿತು. ಈ ಲೆಕ್ಕದಲ್ಲಿ ಬಿಡಿಯಾಗಿ ಕೊಂಡ ಪ್ರಮಾಣಪತ್ರ ನಡೆಯುವುದಿಲ್ಲ. ವಿದ್ಯುತ್ತಿಗೆ ಜಾಲದ ಸರಾಸರಿ ಬಿಟ್ಟು ಬೇರೆ ಅಂಕಿ ಹಾಕಬೇಕಾದರೆ ಉತ್ಪಾದನಾ ಕೇಂದ್ರದಿಂದ ನೇರ ತಂತಿ ಇರಬೇಕು, ಇಲ್ಲವೇ ಉತ್ಪಾದಕರೊಡನೆ ವಿದ್ಯುತ್ ಖರೀದಿ ಒಪ್ಪಂದ ಇರಬೇಕು. ಗಿರಾಕಿಯ ಪತ್ರದಲ್ಲಿ ಸಿಬ್ಯಾಮ್ ಎಂಬ ಶಬ್ದವಿದ್ದರೆ ಪ್ರಮಾಣಪತ್ರಕ್ಕೆ ದುಡ್ಡು ಹಾಕಬೇಡಿ.

ಯೂನಿಟ್ಟುಗಳ ಲೆಕ್ಕ

ಹನ್ನೆರಡು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು, ರೂಪಾಯಿಯ ಅಂಕಣ ಬಿಟ್ಟು ಯೂನಿಟ್ಟಿನ ಅಂಕಣ ಕೂಡಿಸಿ. ಗಿರಾಕಿ ಹಣಕಾಸು ವರ್ಷದ ಲೆಕ್ಕ ಕೇಳಿದ್ದರೆ ಏಪ್ರಿಲ್‌ನಿಂದ ಮಾರ್ಚ್, ಕ್ಯಾಲೆಂಡರ್ ವರ್ಷದ ಲೆಕ್ಕ ಕೇಳಿದ್ದರೆ ಜನವರಿಯಿಂದ ಡಿಸೆಂಬರ್. ಯುರೋಪಿನವರು ಹೆಚ್ಚಾಗಿ ಎರಡನೆಯದನ್ನು ಕೇಳುತ್ತಾರೆ. ಮುಂಬೈಯಲ್ಲಿ ಒಂದೇ ಸಂಸ್ಥೆಯ ಶಾಖೆಗಳಿಗೆ ಬೇರೆ ಬೇರೆ ಕಡೆಯ ಬಿಲ್ಲು ಇರುವುದು ಸಾಮಾನ್ಯ. ಫೋರ್ಟಿನ ಶಾಖೆಗೆ ಬೆಸ್ಟ್, ಅಂಧೇರಿಯದಕ್ಕೆ ಅದಾನಿ ಅಥವಾ ಟಾಟಾ, ಮುಲುಂದಿನದಕ್ಕೆ ಮಹಾವಿತರಣ ಹೀಗೆ. ಎಲ್ಲವನ್ನೂ ಒಂದು ಹಾಳೆಗೆ ತನ್ನಿ. ಬಾಡಿಗೆ ಜಾಗದಲ್ಲಿದ್ದು ಮಾಲೀಕನ ಮೀಟರಿನಿಂದ ಉಪಮೀಟರ್ ಪಡೆದಿದ್ದರೆ ಉಪಮೀಟರಿನ ಓದುವಿಕೆಯನ್ನು ಬರೆದುಕೊಳ್ಳಿ, ಮತ್ತು ಮಾಲೀಕನೂ ಅದೇ ಯೂನಿಟ್ಟುಗಳಿಗೆ ಪ್ರಮಾಣಪತ್ರ ಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಡೀಸೆಲ್ ಜನರೇಟರಿನ ಯೂನಿಟ್ಟು ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಇಂಧನದ ಲೆಕ್ಕ.

ಉದಾಹರಣೆಗೆ ತಿಂಗಳಿಗೆ ಸರಾಸರಿ 18,400 ಯೂನಿಟ್ ಬಳಸುವ ಕಾರ್ಖಾನೆಗೆ ವರ್ಷಕ್ಕೆ 2,20,800 ಯೂನಿಟ್ ಆಗುತ್ತದೆ. ಪೂರ್ತಿ ಹಸಿರು ಎಂದು ಹೇಳಬೇಕಾದರೆ 221 ಪ್ರಮಾಣಪತ್ರ ಬೇಕು. 220 ಕೊಂಡು ಶೇ 100 ಎಂದು ಬರೆಯುವ ಹಾಗಿಲ್ಲ. ಎಲ್ಲವನ್ನೂ ಒಂದೇ ವರ್ಷ ಮಾಡಲೇಬೇಕೆಂದೇನೂ ಇಲ್ಲ. ಗಿರಾಕಿ ಕೇಳಿದ್ದು ಶೇ 30 ಆಗಿದ್ದರೆ 67 ಪ್ರಮಾಣಪತ್ರ ಸಾಕು, ಹೇಳಿಕೆಯನ್ನೂ ಅಷ್ಟಕ್ಕೇ ಸೀಮಿತಗೊಳಿಸಿ.

ನಾಲ್ಕು ದಾರಿಗಳಲ್ಲಿ ಯಾವುದು

ಎಲ್ಲಕ್ಕಿಂತ ಸುಲಭದ ದಾರಿ ವಿತರಣಾ ಕಂಪನಿಯಿಂದಲೇ ಹಸಿರು ದರದಲ್ಲಿ ವಿದ್ಯುತ್ ಕೇಳುವುದು. ಕಫ್ ಪರೇಡಿನಲ್ಲಿ ಕಚೇರಿಯಿರುವ ಮಹಾರಾಷ್ಟ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2021ರ ಮಾರ್ಚಿನಲ್ಲಿ, ತಮ್ಮ ಪೂರ್ತಿ ಬಳಕೆಗೆ ನವೀಕರಿಸಬಹುದಾದ ವಿದ್ಯುತ್ ಬೇಕೆನ್ನುವ ಗ್ರಾಹಕರು ಮಾಮೂಲಿ ದರದ ಮೇಲೆ ಯೂನಿಟ್ಟಿಗೆ 66 ಪೈಸೆ ಹೆಚ್ಚಿಗೆ ಕೊಟ್ಟು ಅದನ್ನು ಪಡೆಯಬಹುದೆಂದು ಆದೇಶಿಸಿತು. ದರ ಕಾಲಕಾಲಕ್ಕೆ ಬದಲಾಗುವುದರಿಂದ ಚಾಲ್ತಿಯಲ್ಲಿರುವ ದರಪಟ್ಟಿಯನ್ನು ನೋಡಿಯೇ ಅರ್ಜಿ ಹಾಕಿ. ಇದರಲ್ಲಿ ದಲ್ಲಾಳಿಯಿಲ್ಲ, ಖಾತೆ ತೆರೆಯುವ ತಾಪತ್ರಯವಿಲ್ಲ, ಹೆಚ್ಚಿನ ಹಣ ಬಿಲ್ಲಿನಲ್ಲಿಯೇ ಕಾಣುತ್ತದೆ, ಕಂಪನಿಯೇ ಪ್ರಮಾಣಪತ್ರ ಕೊಡುತ್ತದೆ. 66 ಪೈಸೆಯ ಲೆಕ್ಕದಲ್ಲಿ ಮೇಲಿನ ಕಾರ್ಖಾನೆಗೆ ವರ್ಷಕ್ಕೆ 1,45,728 ರೂಪಾಯಿ ಆಗುತ್ತಿತ್ತು. ಅದೇ ಜಾಗದಲ್ಲಿ ಪ್ರಮಾಣಪತ್ರವೊಂದಕ್ಕೆ 350 ರೂಪಾಯಿ ಎಂದು ಊಹಿಸಿಕೊಂಡರೆ 221ಕ್ಕೆ 77,350 ರೂಪಾಯಿ. ವ್ಯತ್ಯಾಸ ದೊಡ್ಡದೇ, ಆದರೆ ಲೆಕ್ಕ ಬರೆಯಲು ಬೇರೆ ಗುಮಾಸ್ತರಿಲ್ಲದ ಹೋಟೆಲಿನವರಿಗೆ ನಾನು ಈಗಲೂ ಹಸಿರು ದರವನ್ನೇ ಹೇಳುತ್ತೇನೆ. ಅರ್ಜಿಯ ಜೊತೆಗೆ, ಈ ಯೂನಿಟ್ಟುಗಳನ್ನು ಕಂಪನಿ ತನ್ನ ಕಾನೂನಿನ ಹೊಣೆಯ ಲೆಕ್ಕದಲ್ಲಿಯೂ ತೋರಿಸುತ್ತದೆಯೇ ಎಂಬ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ. ಹೊರದೇಶದ ಲೆಕ್ಕ ಪರಿಶೋಧಕರು ಮೊದಲು ಕೇಳುವುದು ಅದನ್ನೇ.

ಎರಡನೆಯ ದಾರಿ ಹಸಿರು ಮುಕ್ತ ಪ್ರವೇಶ. 2022ರ ಜೂನಿನ ಕೇಂದ್ರ ನಿಯಮಗಳು ಮೊದಲಿದ್ದ ಒಂದು ಮೆಗಾವ್ಯಾಟಿನ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದವು, ಮತ್ತು ಒಂದೇ ವಿದ್ಯುತ್ ವಿಭಾಗದಲ್ಲಿರುವ ಹಲವು ಸಂಪರ್ಕಗಳನ್ನು ಕೂಡಿಸಿ ಈ 100 ಕಿಲೋವ್ಯಾಟ್ ತೋರಿಸಲು 2023ರಲ್ಲಿ ಅವಕಾಶವಾಯಿತು. ಸೋಲಾರ್ ಅಥವಾ ಗಾಳಿ ಉತ್ಪಾದಕರೊಡನೆ ವರ್ಷಗಟ್ಟಲೆಯ ಒಪ್ಪಂದ ಮಾಡಿಕೊಂಡು ವಿದ್ಯುತ್ತನ್ನೇ ತರಿಸಿಕೊಳ್ಳುವ ಈ ವ್ಯವಸ್ಥೆ ಎಲ್ಲಕ್ಕಿಂತ ಗಟ್ಟಿಯಾದದ್ದು, ಸಿಬ್ಯಾಮ್ ಲೆಕ್ಕಕ್ಕೂ ಒದಗಬಲ್ಲದ್ದು. ಆದರೆ ಸಾಗಣೆ ಶುಲ್ಕ, ಅಡ್ಡ ಸಬ್ಸಿಡಿ ಸರ್‌ಚಾರ್ಜು, ಹದಿನೈದು ನಿಮಿಷಕ್ಕೊಮ್ಮೆ ಅಳೆಯುವ ಮೀಟರು ಇವೆಲ್ಲ ಸೇರಿ ಅದು ಬೇರೆಯೇ ಲೇಖನದ ವಿಷಯ. ಉಳಿದ ಎರಡು ದಾರಿಗಳು ಬಿಡಿ ಪ್ರಮಾಣಪತ್ರದವು: ಭಾರತದ ಸ್ವಂತ ಆರ್‌ಇಸಿ ಮತ್ತು ಅಂತಾರಾಷ್ಟ್ರೀಯ ಐ-ಆರ್‌ಇಸಿ. ಹೆಸರು ಹತ್ತಿರವಿದ್ದರೂ ಎರಡರ ದಾಖಲೆ ಪುಸ್ತಕ ಬೇರೆ, ಕೊಳ್ಳುವ ಬಗೆ ಬೇರೆ.

ಭಾರತದ ಆರ್‌ಇಸಿ

ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2010ರ ನಿಯಮಗಳಿಂದ ಹುಟ್ಟಿದ ಈ ವ್ಯವಸ್ಥೆಗೆ ಈಗ 2022ರ ನಿಯಮಗಳು ಅನ್ವಯಿಸುತ್ತವೆ. ಅವು ಅದೇ ವರ್ಷ ಡಿಸೆಂಬರ್ 5ರಿಂದ ಜಾರಿಯಲ್ಲಿವೆ. ಪ್ರಮಾಣಪತ್ರ ಹುಟ್ಟುವ ಬಗೆ ಹೀಗಿದೆ. ಉತ್ಪಾದಕರು ಮೊದಲು ತಮ್ಮ ರಾಜ್ಯದ ಸಂಸ್ಥೆಯಿಂದ ಮಾನ್ಯತೆ ಪಡೆಯಬೇಕು. ಮಹಾರಾಷ್ಟ್ರದಲ್ಲಿ ಅದು ಪುಣೆಯಲ್ಲಿರುವ ಮೇಡಾ, ಅಂದರೆ ಮಹಾರಾಷ್ಟ್ರ ಇಂಧನ ಅಭಿವೃದ್ಧಿ ಸಂಸ್ಥೆ. ಬಳಿಕ, ಜಾಲದಲ್ಲಿ ವಿದ್ಯುತ್ತಿನ ಹರಿವನ್ನು ನಿಭಾಯಿಸುವ, ದೆಹಲಿಯಲ್ಲಿರುವ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಬೇಕು. ಜಾಲಕ್ಕೆ ಎಷ್ಟು ಯೂನಿಟ್ ಸೇರಿತು ಎಂಬುದನ್ನು ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರ ದೃಢೀಕರಿಸುತ್ತದೆ. ನಮ್ಮದು ನವಿ ಮುಂಬೈಯ ಐರೋಲಿಯಲ್ಲಿದೆ. ಆ ದೃಢೀಕರಣದ ಆಧಾರದ ಮೇಲೆಯೇ ಪ್ರಮಾಣಪತ್ರ ಹೊರಡುತ್ತದೆ. ತನ್ನ ವಿದ್ಯುತ್ತನ್ನು ಆಯೋಗ ನಿಗದಿಪಡಿಸಿದ ದರದಲ್ಲಿ ವಿತರಣಾ ಕಂಪನಿಗೆ ಅದರ ಹೊಣೆ ಪೂರೈಸಲೆಂದು ಮಾರಿಬಿಟ್ಟ ಉತ್ಪಾದಕನಿಗೆ ಆ ಯೂನಿಟ್ಟುಗಳ ಪ್ರಮಾಣಪತ್ರ ಸಿಗುವುದಿಲ್ಲ, ಏಕೆಂದರೆ ಅದರ ಹಸಿರು ಗುಣ ಆಗಲೇ ವಿದ್ಯುತ್ತಿನೊಂದಿಗೆ ಹೋಗಿರುತ್ತದೆ.

ಮಾರಾಟ ನಡೆಯುವುದು ಪವರ್ ಎಕ್ಸ್‌ಚೇಂಜುಗಳಲ್ಲಿ. ಐಇಎಕ್ಸ್, ಮುಂಬೈಯಲ್ಲಿಯೇ ಕಚೇರಿಯಿರುವ ಪಿಎಕ್ಸ್‌ಐಎಲ್ ಮತ್ತು ಎಚ್‌ಪಿಎಕ್ಸ್ ಎಂಬ ಮೂರು ಇವೆ. ಮೊದಲು ತಿಂಗಳ ಕೊನೆಯ ಬುಧವಾರ ಮಾತ್ರ ನಡೆಯುತ್ತಿದ್ದ ವಹಿವಾಟು ಈಚೆಗೆ ಎರಡನೆಯ ಬುಧವಾರವೂ ನಡೆಯುತ್ತದೆ. ಕಾನೂನಿನ ಹೊಣೆಯಿಲ್ಲದವರೂ ಸ್ವಯಂಪ್ರೇರಿತ ಖರೀದಿದಾರರಾಗಿ ಕೊಳ್ಳಬಹುದು. ಅದಕ್ಕೆ ಎಕ್ಸ್‌ಚೇಂಜಿನ ಸದಸ್ಯರೊಬ್ಬರ ಮೂಲಕ ಗ್ರಾಹಕರಾಗಿ ಸೇರಿ, ಪ್ಯಾನ್, ಜಿಎಸ್‌ಟಿ ಮತ್ತು ಸಂಸ್ಥೆಯ ಕಾಗದಗಳನ್ನು ಕೊಟ್ಟು, ಎಷ್ಟು ಪ್ರಮಾಣಪತ್ರ, ಹೆಚ್ಚೆಂದರೆ ಎಷ್ಟು ಬೆಲೆ ಎಂಬುದನ್ನು ಸದಸ್ಯರಿಗೆ ಬರೆದುಕೊಡಬೇಕು. ಕೊಳ್ಳುವವರ ಮತ್ತು ಮಾರುವವರ ಮುಚ್ಚಿದ ಬಿಡ್ಡುಗಳನ್ನು ಹೊಂದಿಸಿ ಎಲ್ಲರಿಗೂ ಒಂದೇ ಬೆಲೆ ನಿಗದಿಯಾಗುತ್ತದೆ. ಸಾಮಾನ್ಯವಾಗಿ ಹಣವನ್ನು ಮುಂಚೆಯೇ ಕಟ್ಟಿರಬೇಕು, ಸದಸ್ಯರ ಕಮಿಷನ್ನೂ ತೆರಿಗೆಯೂ ಬೇರೆ.

ಬೆಲೆಯ ಬಗ್ಗೆ ಒಂದು ಮಾತು. ಆರಂಭದಲ್ಲಿ ಸೋಲಾರ್ ಪ್ರಮಾಣಪತ್ರಕ್ಕೆ ಆಯೋಗವೇ 12,000 ರೂಪಾಯಿ ಕನಿಷ್ಠ, 17,000 ರೂಪಾಯಿ ಗರಿಷ್ಠ ಬೆಲೆ ಕಟ್ಟಿತ್ತು. ವಿತರಣಾ ಕಂಪನಿಗಳು ಕೊಳ್ಳದೆ ಕೈಕಟ್ಟಿ ಕುಳಿತದ್ದರಿಂದ ಕೆಲವು ವರ್ಷ ಪ್ರಮಾಣಪತ್ರಗಳು ರಾಶಿ ಬಿದ್ದವು. 2020ರ ಜುಲೈಯಿಂದ 2021ರ ನವೆಂಬರಿನವರೆಗೆ ಕನಿಷ್ಠ ಬೆಲೆಯ ವ್ಯಾಜ್ಯದಿಂದಾಗಿ ವಹಿವಾಟೇ ನಿಂತಿತ್ತು. 2022ರ ನಿಯಮಗಳು ಕನಿಷ್ಠ, ಗರಿಷ್ಠ ಬೆಲೆ ಎರಡನ್ನೂ ತೆಗೆದುಹಾಕಿದ ಮೇಲೆ ಬೆಲೆ ಕೆಲವು ನೂರು ರೂಪಾಯಿಗೆ ಇಳಿಯಿತು. ಆದ್ದರಿಂದ ಹಳೆಯ ದರಪಟ್ಟಿ ತೋರಿಸಿ ಸಾವಿರಾರು ರೂಪಾಯಿ ಹೇಳುವವರನ್ನು ನಂಬಬೇಡಿ. ಎಕ್ಸ್‌ಚೇಂಜುಗಳು ಪ್ರತಿ ವಹಿವಾಟಿನ ಬೆಲೆಯನ್ನು ಬಹಿರಂಗವಾಗಿ ಪ್ರಕಟಿಸುತ್ತವೆ, ನೋಡಲು ಹಣ ಕೊಡಬೇಕಾಗಿಲ್ಲ.

ಭಾರತದ ಆರ್‌ಇಸಿಯಲ್ಲಿ ಕೊಳ್ಳುವವರು ಗಮನಿಸದ ಮೂರು ಸೂಕ್ಷ್ಮಗಳಿವೆ. ಎಕ್ಸ್‌ಚೇಂಜಿನಲ್ಲಿ ನಿಮಗೆ ಯಾವ ಊರಿನ, ಯಾವ ಮೂಲದ ಪ್ರಮಾಣಪತ್ರ ಬರುತ್ತದೆಂದು ನೀವು ಆರಿಸಿಕೊಳ್ಳಲಾಗದು. ಸೋಲಾರ್, ಸೋಲಾರೇತರ ಎಂಬ ಹಳೆಯ ಭೇದವನ್ನೂ 2022ರಲ್ಲಿ ಅಳಿಸಲಾಯಿತು. ಪ್ರಮಾಣಪತ್ರಕ್ಕೆ ಈಗ ಕಾಲಮಿತಿಯಿಲ್ಲ, ತೀರುವವರೆಗೂ ಅದು ಜೀವಂತ. ಹಾಗಾಗಿ ಈ ವರ್ಷ ಕೊಂಡದ್ದು ಹಲವು ವರ್ಷ ಹಿಂದಿನ ಉತ್ಪಾದನೆಯದೂ ಆಗಿರಬಹುದು, ಅದನ್ನು ಈ ವರ್ಷದ ಬಳಕೆಗೆ ಹೊಂದಿಸಿದರೆ ಹೊರದೇಶದ ಪರಿಶೋಧಕರು ಒಪ್ಪುವುದು ಕಷ್ಟ. ಮೂರನೆಯದು ಗುಣಕ. ಹೊಸ ತಂತ್ರಜ್ಞಾನಗಳಿಗೆ ಪ್ರೋತ್ಸಾಹ ಕೊಡಲೆಂದು, ಹೊಸದಾಗಿ ಆರಂಭವಾದ ಕೇಂದ್ರಗಳಲ್ಲಿ ಸೋಲಾರ್ ಮತ್ತು ನೆಲದ ಮೇಲಿನ ಗಾಳಿಗೆ 1,000 ಯೂನಿಟ್ಟಿಗೆ ಒಂದು ಪ್ರಮಾಣಪತ್ರವಾದರೆ ಜಲವಿದ್ಯುತ್ತಿಗೆ ಒಂದೂವರೆ, ನಗರದ ಕಸದಿಂದ ಮಾಡಿದ್ದಕ್ಕೆ ಎರಡು, ಜೈವಿಕ ರಾಶಿಯದಕ್ಕೆ ಎರಡೂವರೆ ಸಿಗುತ್ತವೆ. ಕಾನೂನಿನ ಹೊಣೆ ತೀರಿಸಲು ಇದು ಸರಿಯೇ. ಆದರೆ ನಾವು ಇಷ್ಟು ಯೂನಿಟ್ ಹಸಿರು ವಿದ್ಯುತ್ ಬಳಸಿದೆವು ಎಂದು ಗಿರಾಕಿಗೆ ಹೇಳುವಾಗ ಒಂದು ಪ್ರಮಾಣಪತ್ರದ ಹಿಂದೆ ನಿಜವಾಗಿ ಹುಟ್ಟಿದ್ದು 400 ಯೂನಿಟ್ ಮಾತ್ರ ಇರುವ ಸಂಭವವುಂಟು. ಈ ಮೂರು ಕಾರಣಗಳಿಂದ, ದೇಶದೊಳಗಿನ ಗಿರಾಕಿಗೆ ಆರ್‌ಇಸಿ, ಹೊರದೇಶದ ಗಿರಾಕಿಗೆ ಐ-ಆರ್‌ಇಸಿ ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಇದನ್ನು ಒಪ್ಪಲಿಕ್ಕಿಲ್ಲ.

ಐ-ಆರ್‌ಇಸಿ ಕೊಳ್ಳುವಾಗ

ನೆದರ್‌ಲ್ಯಾಂಡ್ಸ್ ಮೂಲದ ಪ್ರತಿಷ್ಠಾನವೊಂದರ ನಿಯಮಾವಳಿಯಂತೆ ನಡೆಯುವ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಪ್ರಮಾಣಪತ್ರವೂ ನೋಂದಾಯಿತ ಉತ್ಪಾದನಾ ಕೇಂದ್ರವೊಂದಕ್ಕೆ ಮತ್ತು ನಿರ್ದಿಷ್ಟ ತಿಂಗಳುಗಳಿಗೆ ಅಂಟಿಕೊಂಡಿರುತ್ತದೆ. ಕೊಳ್ಳುವ ಮುನ್ನವೇ ಕೇಂದ್ರದ ಹೆಸರು, ರಾಜ್ಯ, ಮೂಲ, ಕೆಲಸ ಆರಂಭಿಸಿದ ದಿನಾಂಕ, ಉತ್ಪಾದನೆಯ ಅವಧಿ ಇಷ್ಟನ್ನೂ ಕೇಳಿ ತಿಳಿಯಬಹುದು, ತಿಳಿಯಲೇಬೇಕು. ಆರಂಭದ ದಿನಾಂಕ ಏಕೆಂದರೆ, ಆರ್‌ಇ100 ಎಂಬ ದೊಡ್ಡ ಕಂಪನಿಗಳ ಒಕ್ಕೂಟವು 2024ರ ಜನವರಿಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, 15 ವರ್ಷಕ್ಕಿಂತ ಹಳೆಯ ಕೇಂದ್ರಗಳ ವಿದ್ಯುತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಗಿರಾಕಿ ಅದರ ಸದಸ್ಯನಾಗಿದ್ದರೆ ಹಳೆಯ ಜಲವಿದ್ಯುತ್ ಕೇಂದ್ರದ ಅಗ್ಗದ ಪ್ರಮಾಣಪತ್ರ ಅವನಿಗೆ ಬೇಡವಾದೀತು. ಅದೇ ಯೂನಿಟ್ಟುಗಳಿಗೆ ಭಾರತದ ಆರ್‌ಇಸಿಯನ್ನಾಗಲಿ ಇಂಗಾಲದ ಕ್ರೆಡಿಟ್ಟನ್ನಾಗಲಿ ಪಡೆದಿಲ್ಲ, ಯಾವ ವಿತರಣಾ ಕಂಪನಿಯ ಹೊಣೆಗೂ ಅವು ಎಣಿಕೆಯಾಗಿಲ್ಲ ಎಂಬ ಮಾತನ್ನು ಮಾರುವವರಿಂದ ಸಹಿಯೊಂದಿಗೆ ಪಡೆಯಿರಿ.

ಸಣ್ಣ ಖರೀದಿಗೆ ಸ್ವಂತ ಖಾತೆ ಬೇಡ. ಖಾತೆಯಿರುವ ವ್ಯಾಪಾರಿ ತನ್ನ ಖಾತೆಯಿಂದಲೇ ನಿಮ್ಮ ಹೆಸರಿಗೆ ರಿಡೀಮ್ ಮಾಡಿಕೊಡಬಹುದು. ಆಗ ದಾಖಲೆ ವ್ಯವಸ್ಥೆಯಿಂದಲೇ ಹೊರಡುವ ರಿಡೆಂಪ್ಷನ್ ಹೇಳಿಕೆಯೇ ನಿಮ್ಮ ಪುರಾವೆ. ವ್ಯಾಪಾರಿಯ ಲೆಟರ್‌ಹೆಡ್ಡಿನ ಅಭಿನಂದನಾ ಪತ್ರ ಪುರಾವೆಯಲ್ಲ. ಇಲ್ಲಿಯೇ ನಾನು ಮೊದಲು ಹೇಳಿದ ಎಡವಟ್ಟು ಆಗುವುದು. ನನ್ನ ಪರಿಚಯದ ಭೋಸರಿಯ ಉದ್ಯಮಿಯೊಬ್ಬರು ದಲ್ಲಾಳಿಯೊಬ್ಬನಿಂದ 150 ಪ್ರಮಾಣಪತ್ರ ಕೊಂಡು, ಬಂಗಾರದ ಅಂಚಿನ ಚಂದದ ಹಾಳೆಯನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದರು. ಜರ್ಮನಿಯ ಗಿರಾಕಿ ಸಂಖ್ಯೆ ಕೇಳಿದಾಗ ಹಾಳೆಯಲ್ಲಿ ಸಂಖ್ಯೆಯೇ ಇರಲಿಲ್ಲ. ವಿಚಾರಿಸಿದರೆ ಪ್ರಮಾಣಪತ್ರಗಳೇನೋ ದಲ್ಲಾಳಿಯ ಖಾತೆಯಲ್ಲಿ ಇದ್ದವು, ಆದರೆ ಅವನು ಯಾರ ಹೆಸರಿಗೂ ತೀರಿಸಿರಲಿಲ್ಲ. ಬೇಕೆಂದಿದ್ದರೆ ಅವುಗಳನ್ನೇ ಇನ್ನೊಬ್ಬರಿಗೆ ಮಾರಬಹುದಿತ್ತು. ಮೂರು ವಾರದ ಒತ್ತಾಯದ ಮೇಲೆ ಕೆಲಸವಾಯಿತು, ಅಷ್ಟರಲ್ಲಿ ಆ ವರ್ಷದ ವರದಿಯ ಗಡುವು ಮುಗಿದಿತ್ತು. ಅಂದಿನಿಂದ ನಾನು ಹೇಳುವುದು ಇಷ್ಟೇ: ಕೊನೆಯ ಕಂತನ್ನು ರಿಡೆಂಪ್ಷನ್ ಹೇಳಿಕೆ ಕೈಗೆ ಬಂದ ಮೇಲೆಯೇ ಕೊಡುವುದಾಗಿ ಖರೀದಿ ಆದೇಶದಲ್ಲಿ ಬರೆಯಿರಿ.

ಹೇಳಿಕೆ ಬಂದ ದಿನವೇ ಅದರ ಮೇಲಿನ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ತೆರೆದು, ತೆರೆಯುವ ಪುಟ ದಾಖಲೆ ವ್ಯವಸ್ಥೆಯದೇ ಹೌದೋ ಅಥವಾ ಮಾರಿದವರದೋ ಎಂದು ವಿಳಾಸ ನೋಡಿ. ಫಲಾನುಭವಿಯ ಹೆಸರು ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿರುವಂತೆಯೇ ಇರಬೇಕು. ಮಾಲೀಕರ ಹೆಸರಿಗೋ ಗುಂಪಿನ ಬೇರೆ ಸಂಸ್ಥೆಯ ಹೆಸರಿಗೋ ಆಗಿದ್ದರೆ ತಕ್ಷಣ ತಿಳಿಸಿ, ಏಕೆಂದರೆ ಒಮ್ಮೆ ತೀರಿದ್ದನ್ನು ಮತ್ತೆ ತೆರೆಯುವುದು ಸುಲಭವಲ್ಲ. ಬಳಕೆಯ ದೇಶ ಭಾರತ ಎಂದಿರಲಿ, ಉತ್ಪಾದನೆಯ ದೇಶವೂ ಭಾರತವೇ ಆಗಿರಲಿ. ವರದಿಯ ಅವಧಿ ನಿಮ್ಮ ಬಿಲ್ಲುಗಳ ಅವಧಿಗೆ ಹೊಂದಬೇಕು, ಮತ್ತು ಉತ್ಪಾದನೆಯ ತಿಂಗಳುಗಳು ಆ ಅವಧಿಯೊಳಗೆ ಅಥವಾ ಅದಕ್ಕೆ ತೀರ ಹತ್ತಿರ ಇರಬೇಕು. ಒಟ್ಟು ಪ್ರಮಾಣವನ್ನು ಮೆಗಾವ್ಯಾಟ್ ಅವರ್‌ನಲ್ಲಿ ಬರೆದಿರುತ್ತಾರೆ; 1,000ದಿಂದ ಗುಣಿಸಿ ನಿಮ್ಮ ಹಾಳೆಯ ಯೂನಿಟ್ಟಿಗೆ ತಾಳೆ ನೋಡಿ.

ಚಾವಣಿಯ ಸೋಲಾರ್ ಇದ್ದವರಿಗೆ

ಮುಲುಂದ್, ಡೊಂಬಿವಲಿ ಕಡೆಯ ಹೌಸಿಂಗ್ ಸೊಸೈಟಿಗಳ ಚಾವಣಿಯಲ್ಲಿ ಈಗ ಸೋಲಾರ್ ಫಲಕಗಳು ಸಾಮಾನ್ಯವಾಗಿವೆ, ಅವುಗಳಿಂದ ಪ್ರಮಾಣಪತ್ರ ಮಾರಿ ಹಣ ಮಾಡಬಹುದೇ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಜಾಲಕ್ಕೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆದುಕೊಡುವ ನೆಟ್ ಮೀಟರಿಂಗ್ ಪಡೆದಿದ್ದರೆ, ಮಹಾರಾಷ್ಟ್ರದ ನಿಯಮದಂತೆ, ಸ್ವತಃ ಹೊಣೆಗಾರರಲ್ಲದ ಗ್ರಾಹಕರ ಚಾವಣಿಯ ಉತ್ಪಾದನೆ ವಿತರಣಾ ಕಂಪನಿಯ ಹೊಣೆಯ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಅದರ ಮೇಲೆ ಮತ್ತೊಂದು ಪ್ರಮಾಣಪತ್ರ ಹುಟ್ಟಿಸಲು ಹೋಗಬೇಡಿ. ಫಲಕಗಳನ್ನು ನೀವು ಕೊಳ್ಳದೆ ಬೇರೆ ಕಂಪನಿ ತನ್ನ ಖರ್ಚಿನಲ್ಲಿ ಕೂರಿಸಿ ಯೂನಿಟ್ಟಿನ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರೆ, ಹಸಿರು ಗುಣದ ಹಕ್ಕು ಯಾರದೆಂಬ ಕಲಮನ್ನು ಒಪ್ಪಂದದಲ್ಲಿ ಹುಡುಕಿ. ಹಕ್ಕು ಅವರದೆಂದು ಬರೆದಿದ್ದರೆ ಚಾವಣಿ ನಿಮ್ಮದಾದರೂ, ಬಿಸಿಲು ನಿಮ್ಮ ನೆತ್ತಿಯ ಮೇಲೆಯೇ ಸುರಿದರೂ, ಹಸಿರು ಎಂದು ಹೇಳಿಕೊಳ್ಳುವವರು ಅವರು. ಇಂಥ ತೊಡಕು ಇಲ್ಲದ ಕಾರ್ಖಾನೆಗಳು ಚಾವಣಿಯಿಂದ ನೇರವಾಗಿ ಬಳಸಿದ ಯೂನಿಟ್ಟನ್ನು ಪ್ರತ್ಯೇಕ ಮೀಟರಿನ ಓದುವಿಕೆಯೊಂದಿಗೆ ವರದಿಯಲ್ಲಿ ಬೇರೆ ಸಾಲಿನಲ್ಲಿ ತೋರಿಸಬಹುದು. ಜಾಲಕ್ಕೆ ಹೊರಳಿಸಿದ ಯೂನಿಟ್ಟನ್ನು ಅದಕ್ಕೆ ಸೇರಿಸಬಾರದು.

ಗೋವಾದಲ್ಲಿರುವವರಿಗೆ ವಿತರಣೆ ಸರ್ಕಾರದ ವಿದ್ಯುತ್ ಇಲಾಖೆಯದೇ, ದರ ನಿಗದಿ ಮಾಡುವುದು ಗೋವಾ ಮತ್ತು ಕೇಂದ್ರಾಡಳಿತ ಪ್ರದೇಶಗಳ ಜಂಟಿ ಆಯೋಗ. ಹಾಗಾಗಿ ಮಹಾರಾಷ್ಟ್ರದ ಹಸಿರು ದರದ ಆದೇಶ ಅಲ್ಲಿಗೆ ಅನ್ವಯಿಸುವುದಿಲ್ಲ. ಆರ್‌ಇಸಿ ಮತ್ತು ಐ-ಆರ್‌ಇಸಿಗೆ ಮಾತ್ರ ರಾಜ್ಯದ ಗಡಿಯಿಲ್ಲದ್ದರಿಂದ ಮಡಗಾಂವಿನ ಹೋಟೆಲಿನವರು ಪಾವಗಡದ ಬಿಸಿಲಿನ ಪ್ರಮಾಣಪತ್ರ ಸಿಕ್ಕರೆ ಅದನ್ನೂ ಕೊಳ್ಳಬಹುದು.

ಕಡತ ಮತ್ತು ಹೇಳಿಕೆಯ ಮಾತು

ಬಿಲ್ಲುಗಳ ಪ್ರತಿ, ಯೂನಿಟ್ಟಿನ ಹಾಳೆ, ಖರೀದಿಯ ಇನ್‌ವಾಯ್ಸ್, ರಿಡೆಂಪ್ಷನ್ ಹೇಳಿಕೆ ಅಥವಾ ಆರ್‌ಇಸಿ ತೀರಿದ ದಾಖಲೆ, ಮಾರಿದವರ ಸಹಿಯ ಘೋಷಣೆ ಇಷ್ಟನ್ನು ವರ್ಷಕ್ಕೊಂದರಂತೆ ಪ್ರತ್ಯೇಕ ಕಡತದಲ್ಲಿಡಿ. ಗಿರಾಕಿಗೆ ಬರೆಯುವಾಗ, ನಮ್ಮ ಕಾರ್ಖಾನೆ ಸೌರಶಕ್ತಿಯಿಂದ ನಡೆಯುತ್ತದೆ ಎಂದು ಬರೆಯುವುದು ತಪ್ಪು, ನಡೆಯುವುದು ಜಾಲದ ವಿದ್ಯುತ್ತಿನಿಂದ. ಬದಲಿಗೆ, 2024ರ ಜನವರಿಯಿಂದ ಡಿಸೆಂಬರ್‌ವರೆಗೆ ನಾವು ಜಾಲದಿಂದ ಪಡೆದ 2,20,800 ಯೂನಿಟ್ ವಿದ್ಯುತ್ತಿಗೆ ಸಮನಾಗಿ, ಅದೇ ಅವಧಿಯ ಉತ್ಪಾದನೆಗೆ ಸೇರಿದ 221 ಪ್ರಮಾಣಪತ್ರಗಳನ್ನು ನಮ್ಮ ಹೆಸರಿಗೆ ತೀರಿಸಿದ್ದೇವೆ, ಅವುಗಳ ಕ್ರಮಸಂಖ್ಯೆ ಇಂತಿಂಥದು ಎಂದು ಬರೆಯಿರಿ. ಜಾಲದ ಸರಾಸರಿಯ ಲೆಕ್ಕವನ್ನೂ ಅದರ ಕೆಳಗಿನ ಸಾಲಿನಲ್ಲಿ ಕೊಡಿ. ಕ್ಯಾಲೆಂಡರ್ ವರ್ಷದ ವರದಿಗೆ ಡಿಸೆಂಬರ್ ಬಿಲ್ಲು ಜನವರಿಯಲ್ಲಿ ಕೈಸೇರುತ್ತದೆ, ಗಿರಾಕಿಗಳ ಗಡುವು ಹೆಚ್ಚಾಗಿ ಮಾರ್ಚ್ ಒಳಗೆ ಇರುತ್ತದೆ. ಆದ್ದರಿಂದ ಹನ್ನೊಂದು ತಿಂಗಳ ಯೂನಿಟ್ಟಿಗೆ ಬೇಕಾದಷ್ಟನ್ನು ಡಿಸೆಂಬರಿನಲ್ಲಿಯೇ ಕೊಂಡು ತೀರಿಸಿ, ಉಳಿದದ್ದನ್ನು ಕೊನೆಯ ಬಿಲ್ಲು ನೋಡಿ ಫೆಬ್ರವರಿಯಲ್ಲಿ ಸೇರಿಸಿದರೆ ಗಡುವಿನ ಹೊತ್ತಿಗೆ ಕಡತ ಸಿದ್ಧವಿರುತ್ತದೆ.